ಕಿಂಕರ್ತವ್ಯಮೂಢ: ಒಂದು ಉದ್ದನೆಯ ಪದವನ್ನು ಬಿಡಿಸುವ, ತೂಗುವ, ಬಳಸುವ ಬಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನ ಭಾನುವಾರ. ಸಿಂಧನೂರು ತಾಲ್ಲೂಕಿನ ನಮ್ಮೂರಿನ ಚಹಾದಂಗಡಿ ಮುಂದೆ ಎಡದಂಡೆ ಕಾಲುವೆಯನ್ನೇ ನಂಬಿದ ರೈತರೆಲ್ಲ ಮೊಬೈಲ್ ಹಿಡಿದು ನಿಂತಿದ್ದರು. ನಮ್ಮ ಓಣಿಯ ರೈತರೊಬ್ಬರು ನನ್ನನ್ನು ಕಂಡು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅರ್ಧ ಹೊಲ ಭತ್ತ ಹಚ್ಚೀವಿ, ಅರ್ಧ ಉಳದೈತಿ. ಸಸಿ ಮಡ್ಯಾಗ ನಿಂತಾವ. ಕೆನಾಲಿಗೆ ನೀರು ಬರ್ತಾವೋ ಇಲ್ಲೋ. ಏನ್ ಮಾಡಬೇಕೋ ತಿಳಿವಲ್ದಾಗೈತ್ರಿ ಸರ."

ಸೋಮವಾರ ಹತ್ತನೇ ತರಗತಿಯಲ್ಲಿ ಸಮಾಸದ ಪಾಠ. ಹಲಗೆಯ ಮೇಲೆ 'ಕಿಂಕರ್ತವ್ಯಮೂಢ' ಎಂದು ಬರೆದೆ. ಅರ್ಥ ಬರೆಯಿರಿ ಅಂದಾಗ ಮುಕ್ಕಾಲು ತರಗತಿ ಬರೆದದ್ದು ಹೆಚ್ಚುಕಡಿಮೆ ಒಂದೇ: 'ತನ್ನ ಕರ್ತವ್ಯ ಗೊತ್ತಿಲ್ಲದ ಮೂರ್ಖ'. ನಾನು ತಿದ್ದುತ್ತಾ, "ಅಲ್ಲ, ಈಗ ನಮ್ಮ ರೈತರು ಇದ್ದಾರಲ್ಲ, ಆ ಸ್ಥಿತಿ" ಅಂದೆ. ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಹಂಗಾದ್ರ ನಮ್ಮಪ್ಪ ಮೂಢ ಏನ್ರಿ ಸರ?"

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಪದವನ್ನು ಬುಡದಿಂದ ಬಿಡಿಸಬೇಕಿತ್ತು. ಆವತ್ತು ಎರಡು ಪೀರಿಯಡ್ ಹಿಡಿಯಿತು. ಹಾಗೆ ಬಿಡಿಸಿದ ಬಗೆಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಓದುವವರಿಗೂ ಬರೆಯುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಒಂದು ಪೆನ್ನು, ಒಂದು ಖಾಲಿ ಹಾಳೆ ಹತ್ತಿರ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ನಿಘಂಟು ಮುಚ್ಚಿಡಿ, ಬಾಯಿಂದ ಓದಿ

ಉದ್ದ ಪದ ಕಂಡಕೂಡಲೆ ನಿಘಂಟಿಗೆ ಓಡಬೇಡಿ. ಗಟ್ಟಿಯಾಗಿ ಮೂರು ಸಲ ಓದಿ. ಎಲ್ಲಿ ಉಸಿರು ತಾನಾಗಿ ನಿಲ್ಲುತ್ತದೋ ಅಲ್ಲಿ ಗೆರೆ ಎಳೆಯಿರಿ. ಕಿಂ | ಕರ್ತವ್ಯ | ಮೂಢ. ನಮ್ಮ ಮಕ್ಕಳು ಎಡವುವುದು ಮೊದಲ ಗೆರೆಯಲ್ಲೇ. 'ಕಿಂಕರ' ಎಂಬ ಪರಿಚಿತ ಪದ ಕಣ್ಣಿಗೆ ಬಿದ್ದು 'ಕಿಂಕರ್ | ತವ್ಯ' ಎಂದು ಕತ್ತರಿಸಿಬಿಡುತ್ತಾರೆ. ಹಾಗೆ ಕತ್ತರಿಸಿದರೆ 'ತವ್ಯ' ಎಂಬ ಅರ್ಥವಿಲ್ಲದ ತುಂಡು ಉಳಿಯುತ್ತದೆ. ಉಳಿದ ತುಂಡು ಒಂಟಿಯಾಗಿ ಅರ್ಥ ಕೊಡದಿದ್ದರೆ ಕತ್ತರಿ ಹಾಕಿದ ಜಾಗ ತಪ್ಪಿದೆ ಎಂದೇ ತಿಳಿಯಿರಿ.

ಇದೇ ಹಂತದಲ್ಲಿ ಕಾಗುಣಿತವನ್ನೂ ಗಟ್ಟಿ ಮಾಡಿಕೊಳ್ಳಿ. ಮೂರು ತುಂಡನ್ನೂ ಸೇರಿಸಿಯೇ ಬರೆಯಬೇಕು, ನಡುವೆ ಜಾಗ ಬಿಡಬಾರದು. ಕೊನೆಯಕ್ಷರ ಮಹಾಪ್ರಾಣದ ಢ. ನಮ್ಮ ಕಡೆ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲವಾಗುತ್ತದೆ. ಅದು ನಾಚಿಕೆಯ ಸಂಗತಿಯಲ್ಲ, ಆದರೆ ಬರವಣಿಗೆಯಲ್ಲಿ 'ಮೂಡ' ಎಂದಾದರೆ ಅದು ಸೂರ್ಯ ಮೂಡುವ ಕಡೆಗೆ ಹೋಗಿಬಿಡುತ್ತದೆ. ಢ ಯಾಕೆ ಬಂತು ಎಂಬುದನ್ನು ಮುಂದೆ ನೋಡಿದಾಗ ಈ ತಪ್ಪು ಮತ್ತೆ ಆಗುವುದಿಲ್ಲ.

ಎರಡನೆಯ ಹೆಜ್ಜೆ: ಕಿಂ

ಇದು ಸುಲಭ. 'ಕಿಮ್' ಅಂದರೆ ಏನು. ಮುಂದೆ ವ್ಯಂಜನ ಬಂದಾಗ ಮಕಾರ ಸೊನ್ನೆಯಾಗಿ 'ಕಿಂ' ಆಯಿತು. ಇದರ ಬಳಗ ಕನ್ನಡದಲ್ಲಿ ಆಗಲೇ ಇದೆ. 'ಜನ ಏನೆನ್ನುತ್ತಾರೆ' ಎಂಬುದರಿಂದ ಕಿಂವದಂತಿ. 'ಏನೋ ಒಂಚೂರು' ಎಂಬ ಕಿಂಚಿತ್. ಏನೊಂದೂ ಇಲ್ಲದವನು ಅಕಿಂಚನ. ಇನ್ನು ಕಿಂಕರ ಎಂಬುದು 'ಏನು ಮಾಡಲಿ?' ಎಂದು ಒಡೆಯನನ್ನು ಕೇಳುವವನು ಎಂದು ಸಾಂಪ್ರದಾಯಿಕವಾಗಿ ಬಿಡಿಸುತ್ತಾರೆ.

ಕಿಂಕರನ ಹತ್ತಿರ ಒಂದು ಕ್ಷಣ ನಿಲ್ಲಿ. ಅವನೂ 'ಏನು ಮಾಡಲಿ' ಅನ್ನುತ್ತಾನೆ, ನಮ್ಮ ಪದದವನೂ 'ಏನು ಮಾಡಲಿ' ಅನ್ನುತ್ತಾನೆ. ಕಿಂಕರನಿಗೆ ಉತ್ತರ ಹೇಳುವ ಒಡೆಯನಿದ್ದಾನೆ. ಕಿಂಕರ್ತವ್ಯಮೂಢನಿಗೆ ಯಾರೂ ಇಲ್ಲ, ಉತ್ತರವನ್ನು ತಾನೇ ಹುಡುಕಿಕೊಳ್ಳಬೇಕು. ದಾಸರ ನಾಡಿನವರಾದ ನಮಗೆ, ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಹುಟ್ಟಿ ಬಾಳಿದ ಈ ಸೀಮೆಯವರಿಗೆ, ಕಿಂಕರ ಎಂಬುದು ಎಷ್ಟು ನೆಮ್ಮದಿಯ ಪದ ಎಂದು ಬೇರೆ ಹೇಳಬೇಕಿಲ್ಲ. ಆ ನೆಮ್ಮದಿ ಇಲ್ಲದಿರುವುದೇ ನಮ್ಮ ಪದದ ಸಂಕಟ.

ಮೂರನೆಯ ಹೆಜ್ಜೆ: ಕರ್ತವ್ಯ

ಮಕ್ಕಳು ತಪ್ಪು ಅರ್ಥಕ್ಕೆ ಹೋದದ್ದು ಇಲ್ಲಿಂದಲೇ. ಇಂದಿನ ಕನ್ನಡದಲ್ಲಿ ಕರ್ತವ್ಯ ಅಂದರೆ ನೌಕರಿಯ ಕೆಲಸ, ಹೊಣೆ. 'ಕರ್ತವ್ಯಲೋಪ', 'ಕರ್ತವ್ಯಕ್ಕೆ ಹಾಜರು' ಎಂದು ದಿನಾ ಕೇಳುತ್ತೇವೆ. ಆ ಅರ್ಥ ಹಿಡಿದು ಹೊರಟರೆ 'ಕರ್ತವ್ಯ ಮಾಡದ ಮೂಢ' ಎಂಬಲ್ಲಿಗೇ ತಲುಪುತ್ತೀರಿ.

ಹಾಗಾಗಿ ಪದವನ್ನು ಇನ್ನೂ ಒಡೆಯಿರಿ. 'ಕೃ' ಎಂಬ ಧಾತುವಿಗೆ ಮಾಡು ಎಂದರ್ಥ. ಅದಕ್ಕೆ 'ತವ್ಯ' ಎಂಬ ಪ್ರತ್ಯಯ ಸೇರಿದಾಗ ಋಕಾರಕ್ಕೆ ಗುಣ ಬಂದು 'ಕರ್' ಆಗುತ್ತದೆ: ಕರ್ + ತವ್ಯ. ಪಾಣಿನಿ 'ತವ್ಯತ್ತವ್ಯಾನೀಯರಃ' ಎಂಬ ಸೂತ್ರದಲ್ಲಿ ಹೇಳಿದ ಪ್ರತ್ಯಯ ಇದು. ಕನ್ನಡದಲ್ಲಿ ನಾವು '-ತಕ್ಕದ್ದು', '-ಬೇಕಾದದ್ದು' ಎಂದು ಹೇಳುವ ಕೆಲಸವನ್ನೇ ಅದು ಮಾಡುತ್ತದೆ. ಹೇಳಬೇಕಾದದ್ದು ವಕ್ತವ್ಯ, ಹೋಗಬೇಕಾದ ಜಾಗ ಗಂತವ್ಯ, ಆಗಬೇಕಾದದ್ದು ಭವಿತವ್ಯ. ಅಂತೆಯೇ ಮಾಡಬೇಕಾದದ್ದು ಕರ್ತವ್ಯ.

ಈಗ ಹಾಳೆಯ ಮೇಲೆ ಬರೆಯಿರಿ: ಕಿಂ ಕರ್ತವ್ಯಮ್ = ಮಾಡಬೇಕಾದದ್ದು ಏನು? ನೌಕರಿಯೂ ಇಲ್ಲ, ಹಾಜರಿಯೂ ಇಲ್ಲ. ಒಂದು ಪ್ರಶ್ನೆ ಮಾತ್ರ ಇದೆ. ಪದದ ಮೊದಲ ಎರಡು ತುಂಡುಗಳು ಸೇರಿ ಒಂದು ಇಡೀ ಪ್ರಶ್ನಾವಾಕ್ಯ ಎಂಬುದು ಗೊತ್ತಾದರೆ ಅರ್ಧ ದಾರಿ ದಾಟಿದಂತೆ.

ನಾಲ್ಕನೆಯ ಹೆಜ್ಜೆ: ಮೂಢ

ಇಲ್ಲಿ ಆತುರ ಬೇಡ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಈ ಎರಡಕ್ಷರದಲ್ಲಿ.

ಧಾತು 'ಮುಹ್'. ಮಂಕಾಗು, ದಾರಿ ತಪ್ಪು, ಮನಸ್ಸು ಮಸುಕಾಗು ಎಂದು ಅರ್ಥ. ಇದರಿಂದಲೇ ಮೋಹ, ವ್ಯಾಮೋಹ, ಸಮ್ಮೋಹನ, ಮೋಹಕ ಎಲ್ಲವೂ ಬಂದವು. ಈ ಧಾತುವಿಗೆ 'ಆದ' ಎಂಬರ್ಥ ಕೊಡುವ 'ತ' ಪ್ರತ್ಯಯ ಹಚ್ಚಿದರೆ ಸಂಸ್ಕೃತ ವ್ಯಾಕರಣ ಎರಡು ದಾರಿ ಬಿಡುತ್ತದೆ. ಒಂದು ದಾರಿಯಲ್ಲಿ ಹಕಾರವೂ ತಕಾರವೂ ಬೆರೆತು 'ಗ್ಧ' ಆಗುತ್ತದೆ: ಮುಗ್ಧ. ಇನ್ನೊಂದು ದಾರಿಯಲ್ಲಿ ಹಕಾರ ಢಕಾರವಾಗಿ, ಅದರ ಜೊತೆಗೆ ಬಂದ ತಕಾರವೂ ಢಕಾರವಾಗಿ, ಎರಡರಲ್ಲಿ ಒಂದು ಬಿದ್ದುಹೋಗಿ, ಬಿದ್ದುಹೋದದ್ದರ ಬದಲಿಗೆ ಹಿಂದಿನ ಉಕಾರ ದೀರ್ಘವಾಗುತ್ತದೆ: ಮೂಢ.

ಮುಗ್ಧ ಮತ್ತು ಮೂಢ ಒಂದೇ ತಾಯಿಯ ಮಕ್ಕಳು. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖ ಬದಲಾಗುವುದನ್ನು ಪ್ರತಿ ವರ್ಷ ನೋಡುತ್ತೇನೆ. ಒಂದು ಪದವನ್ನು ನಾವು ಮಗುವಿಗೆ ಪ್ರೀತಿಯಿಂದ ಹೇಳುತ್ತೇವೆ, ಇನ್ನೊಂದನ್ನು ಬೈಯಲು ಬಳಸುತ್ತೇವೆ. ಹುಟ್ಟಿನಲ್ಲಿ ಎರಡರದೂ ಅರ್ಥ 'ಮನಸ್ಸು ಮಸುಕಾದ' ಎಂಬುದೊಂದೇ. ದಡ್ಡ ಎಂಬುದು ಮೂಢಕ್ಕೆ ಆಮೇಲೆ ಅಂಟಿಕೊಂಡ ಅರ್ಥ. ಮುಗ್ಧವನ್ನು ಕನ್ನಡ 'ಮುಗುದ', 'ಮುಗುದೆ' ಎಂದು ತನ್ನದಾಗಿಸಿಕೊಂಡು ಮತ್ತಷ್ಟು ಮೆದು ಮಾಡಿತು.

ಇದೇ ನಿಯಮದಲ್ಲಿ ಬಂದ ಬೇರೆ ಪದಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಗ್ಧದ ಸಾಲಿನಲ್ಲಿ ದಹಿಸಿದ್ದು ದಗ್ಧ, ಕರೆದದ್ದು ದುಗ್ಧ, ಸ್ನೇಹದ ಮನೆಯ ಸ್ನಿಗ್ಧ. ಢದ ಸಾಲಿನಲ್ಲಿ ಮುಚ್ಚಿಟ್ಟದ್ದು ಗೂಢ, ಏರಿ ನಿಂತದ್ದು ರೂಢ. ರೂಢಿ, ನಿಗೂಢ, ಸಿದ್ಧಾರೂಢ ಎಂದು ಬರೆಯುವಾಗ ಯಾರೂ ಡ ಹಾಕುವುದಿಲ್ಲ. ಗೂಢ, ರೂಢ, ಮೂಢ ಎಂದು ಒಟ್ಟಿಗೆ ಬಾಯಿಪಾಠ ಮಾಡಿದರೆ ಕಾಗುಣಿತದ ತಪ್ಪು ಅಲ್ಲಿಗೆ ಮುಗಿಯಿತು. ಮಕ್ಕಳು ಕೂತಿರುವ ಪ್ರೌಢಶಾಲೆಯ ಢ ಕೂಡ ಹೀಗೆಯೇ, 'ವಹ್' ಧಾತುವಿನ ಹಕಾರದಿಂದ ಬಂದದ್ದು.

ಇನ್ನು 'ದಿಙ್ಮೂಢ' ಎಂಬ ಪದ ನೋಡಿ. ದಿಕ್ಕು ತಿಳಿಯದವನು ಎಂದರ್ಥ. ಅವನಿಗೆ ದಿಕ್ಕೊಂದೇ ತಿಳಿದಿಲ್ಲ. ಉಳಿದ ಎಲ್ಲವೂ ತಿಳಿದಿರಬಹುದು, ಅವನು ದೊಡ್ಡ ಪಂಡಿತನೇ ಆಗಿರಬಹುದು. ಮೂಢದ ಹಿಂದೆ ಏನು ಬರುತ್ತದೋ ಅಷ್ಟಕ್ಕೆ ಮಾತ್ರ ಮಸುಕು. ಕಿಂಕರ್ತವ್ಯಮೂಢನಲ್ಲೂ ಹಾಗೆಯೇ: 'ಮಾಡಬೇಕಾದದ್ದು ಏನು' ಎಂಬ ಒಂದೇ ಪ್ರಶ್ನೆಯ ಎದುರು ಅವನ ಮನಸ್ಸು ಮಸುಕಾಗಿದೆ. ಭತ್ತದ ತಳಿ, ಮಣ್ಣು, ಗೊಬ್ಬರ, ಲಾಗೋಡಿಯ (ಬೇಸಾಯದ ಖರ್ಚಿನ) ಲೆಕ್ಕ ಎಲ್ಲ ಆ ಹುಡುಗಿಯ ಅಪ್ಪನಿಗೆ ಗೊತ್ತು. ಗೊತ್ತಿಲ್ಲದ್ದು ಒಂದೇ, ಉಳಿದರ್ಧ ಹೊಲಕ್ಕೆ ಸಸಿ ಹಚ್ಚಬೇಕೋ ಬೇಡವೋ.

ಕೆಲವರು 'ವಿ' ಸೇರಿಸಿ ಕಿಂಕರ್ತವ್ಯವಿಮೂಢ ಎನ್ನುತ್ತಾರೆ. ಆ ಉಪಸರ್ಗ ಮಂಕನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ, ಅಷ್ಟೆ. ಎರಡೂ ಸರಿ.

ಐದನೆಯ ಹೆಜ್ಜೆ: ಬಿಡಿಸಿದ್ದನ್ನು ಮತ್ತೆ ಕೂಡಿಸಿ

ಬಿಡಿಸಿಟ್ಟ ತುಂಡುಗಳನ್ನು ಹಾಗೇ ಬಿಟ್ಟರೆ ಪದ ಬದುಕುವುದಿಲ್ಲ. ವಿಗ್ರಹವಾಕ್ಯ, ಅಂದರೆ ಸಮಾಸವನ್ನು ಬಿಡಿಸಿ ಹೇಳುವ ವಾಕ್ಯ, ಬರೆಯಿರಿ: 'ಕಿಂ ಕರ್ತವ್ಯಮ್ ಇತಿ ಮೂಢಃ', ಏನು ಮಾಡಬೇಕು ಎಂಬಲ್ಲಿ ಮಂಕಾದವನು. ಈಗ ಅದರ ಕೆಳಗೆ ನಮ್ಮ ಓಣಿಯ ರೈತನ ಮಾತನ್ನು ಬರೆಯಿರಿ.

ಕಿಂ: ಏನ್.
ಕರ್ತವ್ಯ: ಮಾಡಬೇಕೋ.
ಮೂಢ: ತಿಳಿವಲ್ದಾಗೈತ್ರಿ.

ಅದೇ ಮೂರು ತುಂಡು, ಅದೇ ಸರಣಿ, ಅದೇ ಅರ್ಥ. ಚಹಾದಂಗಡಿಯ ಮುಂದೆ ನಿಂತು ಆತ ಸಮಾಸವನ್ನು ಬಿಡಿಸಿ ಹೇಳಿದ್ದ. ಉದ್ದನೆಯ ಸಂಸ್ಕೃತ ಪದ ನಮಗೆ ದೂರ ಎಂದು ಯಾರಾದರೂ ಹೇಳಿದರೆ ನಾನು ಈ ಮೂರು ಸಾಲು ತೋರಿಸುತ್ತೇನೆ. 'ತಿಳಿಯುವುದಿಲ್ಲ' ಅನ್ನದೆ ನಮ್ಮ ಕಡೆ 'ತಿಳಿವಲ್ದು' ಅನ್ನುವುದನ್ನೂ ಗಮನಿಸಿ. ತಿಳಿಯಲು ಒಲ್ಲದು, ಅಂದರೆ ಎಷ್ಟು ತಿಳಿಯಲು ಹೋದರೂ ಅದು ಒಪ್ಪುತ್ತಿಲ್ಲ. ಮುಹ್ ಧಾತುವಿನ ಮಸುಕನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕ್ರಿಯಾಪದ ನನಗೆ ಬೇರೆ ಕಂಡಿಲ್ಲ.

ಇದೇ ತುಂಡುಗಳು ಬೇರೆ ಬೇರೆಯಾಗಿ ಕಾಣುವ ಜಾಗ ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿದೆ: 'ಕಿಂ ಕರ್ಮ ಕಿಮಕರ್ಮೇತಿ ಕವಯೋಽಪ್ಯತ್ರ ಮೋಹಿತಾಃ'. ಮಾಡುವುದು ಯಾವುದು, ಮಾಡದಿರುವುದು ಯಾವುದು ಎಂಬಲ್ಲಿ ಬಲ್ಲವರೂ ಮೋಹಿತರಾಗಿದ್ದಾರೆ. ಕಿಂ ಇದೆ, ಕೃ ಧಾತುವಿದೆ, ಇತಿ ಇದೆ, ಮುಹ್ ಧಾತುವಿದೆ. ಪದದ ಸಾಮಾನೆಲ್ಲ ಒಂದೇ ಸಾಲಿನಲ್ಲಿ. ಮಂಕಾದವರು ಯಾರು ಅಂದರೆ 'ಕವಯಃ ಅಪಿ', ಬಲ್ಲವರು ಕೂಡ. ಹುಡುಗಿಗೆ ನಾನು ಕೊಟ್ಟ ಮೊದಲ ಉತ್ತರ ಈ 'ಅಪಿ'.

ಆರನೆಯ ಹೆಜ್ಜೆ: ಜೋಡಿಪದವನ್ನು ಗುರುತಿಸಿ

ಕನ್ನಡದಲ್ಲಿ 'ಇತಿಕರ್ತವ್ಯತಾಮೂಢ' ಎಂಬ ಪದವೂ ಓಡಾಡುತ್ತದೆ. ಎರಡನ್ನೂ ಒಂದೇ ಎಂದು ಬಳಸುವವರೇ ಹೆಚ್ಚು, ಬಳಸಿದರೆ ತಪ್ಪೇನಿಲ್ಲ. ಆದರೆ ಸೂಕ್ಷ್ಮ ಬೇಕೆನ್ನುವವರು ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಾಶಾಸ್ತ್ರದ ಕಡೆ ನೋಡಬೇಕು. ವೇದದ ವಿಧಿವಾಕ್ಯ ಮೂರು ಪ್ರಶ್ನೆ ಎಬ್ಬಿಸುತ್ತದೆ ಎನ್ನುತ್ತಾರೆ ಮೀಮಾಂಸಕರು: ಕಿಮ್, ಕೇನ, ಕಥಮ್. ಯಾವುದನ್ನು ಸಾಧಿಸಬೇಕು, ಯಾವುದರಿಂದ ಸಾಧಿಸಬೇಕು, ಹೇಗೆ ಸಾಧಿಸಬೇಕು. ಸ್ವರ್ಗ ಬೇಕೆನ್ನುವವನಿಗೆ ಸ್ವರ್ಗ ಸಾಧ್ಯ, ಯಾಗ ಸಾಧನ. ಆ ಯಾಗವನ್ನು ನಡೆಸುವ ಕ್ರಮ, ಅದರ ಅಂಗಗಳು ಇತಿಕರ್ತವ್ಯತೆ. 'ಹೀಗೆ ಮಾಡಬೇಕು' ಎಂಬುದೇ ಇತಿಕರ್ತವ್ಯತೆ. ನೀವು ಈಗ ಓದುತ್ತಿರುವ ಇಂಥ ಮಾರ್ಗದರ್ಶಿಗೆ ಸಂಸ್ಕೃತದಲ್ಲಿ ಒಂದು ಹೆಸರು ಬೇಕಾದರೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಹಾಗಾಗಿ ನನ್ನ ಸಲಹೆ: ಏನು ಮಾಡಬೇಕೆಂದೇ ತೋಚದಿದ್ದರೆ ಕಿಂಕರ್ತವ್ಯಮೂಢ. ಏನು ಎಂಬುದು ತೀರ್ಮಾನವಾಗಿ, ಹೇಗೆ ಎಂಬಲ್ಲಿ ಸಿಕ್ಕಿಬಿದ್ದರೆ ಇತಿಕರ್ತವ್ಯತಾಮೂಢ. ಭತ್ತ ಹಚ್ಚಲೋ ಬೇಡವೋ ಎಂದು ಕೂತ ರೈತ ಮೊದಲನೆಯವನು. ಹಚ್ಚಿಯೇ ಬಿಡುತ್ತೇನೆ, ಆದರೆ ಆಳಿಲ್ಲ, ನೀರಿಲ್ಲ, ಹೇಗೆ ಎನ್ನುವವನು ಎರಡನೆಯವನು.

ಏಳನೆಯ ಹೆಜ್ಜೆ: ನೆರೆಹೊರೆಯ ಪದಗಳ ಜೊತೆ ತೂಗಿ

ಬರೆಯುವವರು ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಪದದ ಅರ್ಥ ಗೊತ್ತಿದ್ದೂ ಜಾಗ ತಪ್ಪುವುದು ಇಲ್ಲಿ. ತೋಚದ ಸ್ಥಿತಿಗೆ ಕನ್ನಡದಲ್ಲಿ ಹತ್ತಾರು ಮಾತುಗಳಿವೆ, ಒಂದೊಂದಕ್ಕೂ ಬೇರೆ ತೂಕ. ಆ ಗೇಟಿನ ವಾರವನ್ನೇ ತಕ್ಕಡಿಯಾಗಿ ಇಟ್ಟುಕೊಳ್ಳೋಣ.

ನಡುರಾತ್ರಿ ಫೋನು ಬಂತು, 'ಗೇಟು ಹೋಯಿತಂತೆ'. ಕೇಳಿದ ಕ್ಷಣದಲ್ಲಿ ಆದದ್ದು ದಿಗ್ಭ್ರಮೆ. ಅದು ಸುದ್ದಿಯ ಹೊಡೆತ, ಅಲ್ಲಿ ಇನ್ನೂ 'ಏನು ಮಾಡಲಿ' ಎಂಬ ಪ್ರಶ್ನೆಯೇ ಹುಟ್ಟಿಲ್ಲ. ಫೋನು ಕೈಯಲ್ಲಿ ಹಿಡಿದು ಅಲ್ಲಾಡದೆ ನಿಂತವರು ಗರಬಡಿದವರಂತೆ ನಿಂತರು, ಇದು ದೇಹದ ಸ್ಥಿತಿ. ಮುಂಜಾನೆ ಟಿವಿಯವರು ದಿಢೀರನೆ ಮೈಕು ಹಿಡಿದಾಗ ಮಾತು ತೊದಲಿದವನು ತಬ್ಬಿಬ್ಬಾದ, ಇದು ನಾಲಿಗೆಯದು. ನೆನೆಸದವರು ಎದುರಿಗೆ ಬಂದು ನಿಂತರೆ ಆಗುವುದು ಕಕ್ಕಾಬಿಕ್ಕಿ. ಹತ್ತು ಜನ ಹತ್ತು ಸುದ್ದಿ ಹೇಳಿ ತಲೆ ಕೆಟ್ಟರೆ ಗಲಿಬಿಲಿ.

ಇವೆಲ್ಲ ಬೇಗ ಬಂದು ಬೇಗ ಹೋಗುವಂಥವು. ಕಂಗಾಲು ಹಾಗಲ್ಲ. ಬೆಳೆ ಹೋಗಿ, ಸಾಲ ನಿಂತು, ಕೈ ಖಾಲಿಯಾದಾಗ ಕಂಗಾಲು. ಅಲ್ಲಿ ಆಯ್ಕೆಯೇ ಉಳಿದಿರುವುದಿಲ್ಲ.

ಕಿಂಕರ್ತವ್ಯಮೂಢ ನಿಲ್ಲುವುದು ಇವೆರಡರ ನಡುವೆ, ಸುದ್ದಿಯ ಹೊಡೆತ ಇಳಿದ ಮೇಲೆ, ಕೈ ಪೂರ್ತಿ ಖಾಲಿಯಾಗುವ ಮೊದಲು. ಭಾನುವಾರದ ಚಹಾದಂಗಡಿಯ ಹೊತ್ತು ಅದು. ಏನಾಗಿದೆ ಎಂಬುದು ಗೊತ್ತಿದೆ. ಒಂದಕ್ಕಿಂತ ಹೆಚ್ಚು ದಾರಿ ಇದೆ: ಹಚ್ಚಬಹುದು, ಬಿಡಬಹುದು, ಕಾಯಬಹುದು. ಹಚ್ಚಿದ ಮೇಲೆ ನೀರು ಬರದಿದ್ದರೆ ಲಾಗೋಡಿ ಮಣ್ಣುಪಾಲು. ಬಿಟ್ಟ ಮೇಲೆ ನೀರು ಬಂದರೆ ಹಂಗಾಮು ಕೈತಪ್ಪಿತು. ಕಾದರೆ ಮಡಿಯಲ್ಲಿ ಸಸಿಯ ವಯಸ್ಸು ಮೀರುತ್ತದೆ. ಸುಮ್ಮನಿರಲು ಮಾತ್ರ ಆಗುವುದಿಲ್ಲ.

ಆದ್ದರಿಂದ ಪದ ಬಳಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಆ ವ್ಯಕ್ತಿಗೆ ಸನ್ನಿವೇಶ ತಿಳಿದಿದೆಯೇ? ಮಾಡಲು ಏನಾದರೂ ಇದೆಯೇ? ಮಾಡಬೇಕೆಂಬ ತುಡಿತ ಇದೆಯೇ? ಮೂರಕ್ಕೂ ಹೌದು ಎಂದಾದರೆ ಮಾತ್ರ ಕಿಂಕರ್ತವ್ಯಮೂಢ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ಗಟ್ಟಿ ನಂಬಿಕೆ. ಹೊಲದ ಹಂಗೇ ಇಲ್ಲದವನು ಗೇಟು ಹೋದರೂ ಕಿಂಕರ್ತವ್ಯಮೂಢನಾಗುವುದಿಲ್ಲ, ಅವನು ಪಕ್ಕಕ್ಕೆ ತಿರುಗಿ ಮಲಗುತ್ತಾನೆ. ಪದದ ನಡುವೆ ಕರ್ತವ್ಯ ಕೂತಿದೆ. ಹೊಣೆ ಹೊತ್ತವರಿಗೆ ಮಾತ್ರ ಈ ಮಂಕು ಕವಿಯುತ್ತದೆ. ಹುಡುಗಿಗೆ ನಾನು ಕೊಟ್ಟ ಎರಡನೆಯ ಉತ್ತರ ಇದು: ನಿಮ್ಮಪ್ಪನಿಗೆ ಈ ಪದ ಒಪ್ಪುವುದು ಅವರು ಹೊಲದ ಭಾರ, ಮನೆಯ ಭಾರ ಹೊತ್ತಿರುವುದರಿಂದ.

ಎಂಟನೆಯ ಹೆಜ್ಜೆ: ಕನ್ನಡದ ಪ್ರತ್ಯಯ ಹಚ್ಚಿ, ವಾಕ್ಯ ಮಾಡಿ

ಪದ ಸಂಸ್ಕೃತದ್ದಾದರೂ ಬಾಲ ಕನ್ನಡದ್ದು. 'ಆಗು' ಕ್ರಿಯಾಪದದ ಜೊತೆ ಚೆನ್ನಾಗಿ ಕೂಡುತ್ತದೆ: ಕಿಂಕರ್ತವ್ಯಮೂಢನಾದ, ಮೂಢಳಾದಳು, ಮೂಢರಾದರು. ಸ್ಥಿತಿಯನ್ನು ಹೇಳಲು ಕಿಂಕರ್ತವ್ಯಮೂಢತೆ. ಎರಡು ಭಾಗವೂ ಸಂಸ್ಕೃತದ್ದೇ ಆದ್ದರಿಂದ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದಾಗ ಆಗುವ ಅರಿಸಮಾಸದ ಚಿಂತೆ ಇಲ್ಲ.

ತರಗತಿಯಲ್ಲಿ ಬಂದ ಕೆಲವು ವಾಕ್ಯಗಳನ್ನು ತಿದ್ದಿ ನೋಡೋಣ. 'ಹಂಪಿಯ ಕಲ್ಲಿನ ರಥ ಕಂಡು ಪ್ರವಾಸಿಗರು ಕಿಂಕರ್ತವ್ಯಮೂಢರಾದರು.' ಅಲ್ಲಿ ಮಾಡಬೇಕಾದದ್ದು ಏನೂ ಇಲ್ಲ, ನೋಡಿ ಬೆರಗಾಗಬೇಕು ಅಷ್ಟೆ. ಇಲ್ಲಿ ಬೇಕಾದ ಪದ ಮಂತ್ರಮುಗ್ಧ. ಅಣ್ಣನ ಜಾಗಕ್ಕೆ ತಮ್ಮ ಬಂದ ಹಾಗೆ, ಮೂಢದ ಜಾಗಕ್ಕೆ ಮುಗ್ಧ ಬಂದರೆ ವಾಕ್ಯ ಸರಿಯಾಗುತ್ತದೆ. 'ಕೆಲಸ ಬಿಟ್ಟು ದಿನವಿಡೀ ಇಸ್ಪೀಟು ಆಡುವ ಕಿಂಕರ್ತವ್ಯಮೂಢ.' ಇದು ತಪ್ಪು, ಅವನು ಕರ್ತವ್ಯಭ್ರಷ್ಟ. 'ಪ್ರಶ್ನೆಗೆ ಉತ್ತರ ಬಾರದೆ ಕಿಂಕರ್ತವ್ಯಮೂಢನಾದೆ.' ಉತ್ತರ ಬಾರದಿದ್ದರೆ ತಬ್ಬಿಬ್ಬು ಸಾಕು. 'ಕರೆಂಟು ಹೋಗಿ ರೈಸ್‌ಮಿಲ್ ಕಿಂಕರ್ತವ್ಯಮೂಢವಾಯಿತು.' ಮಿಲ್ಲಿಗೆ ಮನಸ್ಸಿಲ್ಲ. ಆದರೆ 'ಪಂಚಾಯಿತಿ ಕಿಂಕರ್ತವ್ಯಮೂಢವಾಗಿದೆ' ಎನ್ನಬಹುದು, ಅದು ತೀರ್ಮಾನ ತೆಗೆದುಕೊಳ್ಳುವ ಸಂಸ್ಥೆ.

ಸರಿಯಾದ ಒಂದು ವಾಕ್ಯ, ಹುಡುಗನೊಬ್ಬ ಬರೆದದ್ದು: 'ಒಂದು ಕಡೆ ಅವ್ವನ ಆಪರೇಶನ್, ಇನ್ನೊಂದು ಕಡೆ ಪರೀಕ್ಷೆ, ಎರಡೂ ಒಂದೇ ದಿನ ಬಂದು ಅಕ್ಕ ಕಿಂಕರ್ತವ್ಯಮೂಢಳಾದಳು.' ಎರಡು ಹೊಣೆ, ಒಂದು ದೇಹ. ಇದಕ್ಕೆ ನಾನು ಏನೂ ಸೇರಿಸಲಿಲ್ಲ.

ಒಂಬತ್ತನೆಯ ಹೆಜ್ಜೆ: ಎಲ್ಲಿ ಬಳಸಬಾರದು

ಪ್ರಬಂಧ, ಸಂಪಾದಕೀಯ, ಕಥೆ, ಭಾಷಣ, ಇಲ್ಲೆಲ್ಲ ಪದಕ್ಕೆ ಜಾಗ ಇದೆ. ಒಂದು ಬರಹದಲ್ಲಿ ಒಮ್ಮೆ ಬಂದರೆ ತೂಕ, ಮೂರು ಸಲ ಬಂದರೆ ಭಾರ. ಆದರೆ ಸಂಕಟದಲ್ಲಿರುವ ಮನುಷ್ಯನ ಎದುರು ನಿಂತು ಈ ಪದ ಆಡಬೇಡಿ. ಅವನ ಕಿವಿಗೆ ಬೀಳುವುದು ಕೊನೆಯ 'ಮೂಢ' ಒಂದೇ. ಅಲ್ಲಿ 'ದಿಕ್ಕು ತೋಚವಲ್ದು', 'ಏನೂ ಹೊಳಿವಲ್ದು', 'ಕೈಕಾಲು ಆಡದಂಗಾಗೈತಿ' ಎಂಬ ಊರ ಮಾತೇ ಸರಿ.

ಈ ಎಚ್ಚರಕ್ಕೆ ನಮ್ಮ ಪಕ್ಕದ ಆನೆಗೊಂದಿಯ ಅಂಜನಾದ್ರಿಯಲ್ಲಿ ಹುಟ್ಟಿದನೆಂದು ಜನ ನಂಬುವ ಹನುಮಂತನಿಗಿಂತ ದೊಡ್ಡ ಉದಾಹರಣೆ ಬೇಡ. ವಾಲ್ಮೀಕಿಯ ಸುಂದರಕಾಂಡದಲ್ಲಿ ಅವನು ಅಶೋಕವನದ ಶಿಂಶಪಾ ಮರದ ಮೇಲೆ ಕೂತಿದ್ದಾನೆ, ಕೆಳಗೆ ಸೀತೆ. ಮಾತಾಡದೆ ಹಿಂತಿರುಗಿದರೆ ಅವಳು ಪ್ರಾಣ ಬಿಡಬಹುದು. ಮಾತಾಡಿದರೆ ಹೆದರಿ ಕೂಗಬಹುದು, ರಾಕ್ಷಸಿಯರು ಎಚ್ಚೆತ್ತರೆ ಬಂದ ಕೆಲಸವೇ ಕೆಡಬಹುದು. ಸನ್ನಿವೇಶ ತಿಳಿದಿದೆ, ದಾರಿಗಳಿವೆ, ಹೊಣೆಯಿದೆ. ನಮ್ಮ ಮೂರೂ ಪ್ರಶ್ನೆಗೆ ಹೌದು. ಬುದ್ಧಿವಂತರಲ್ಲಿ ಶ್ರೇಷ್ಠನೆಂದು ಹೆಸರಾದವನೂ ಅಲ್ಲಿ ಮರದ ಮೇಲೆ ಯೋಚಿಸುತ್ತ ಕೂತ.

ಆಮೇಲೆ ಅವನು ಯಾವ ಭಾಷೆಯಲ್ಲಿ ಮಾತಾಡಬೇಕು ಎಂದೂ ಯೋಚಿಸುತ್ತಾನೆ. ದ್ವಿಜರಂತೆ ಸಂಸ್ಕೃತ ಆಡಿದರೆ ತನ್ನನ್ನು ರಾವಣನೆಂದೇ ತಿಳಿದು ಸೀತೆ ಭಯಪಡುತ್ತಾಳೆ. 'ಅವಶ್ಯಮೇವ ವಕ್ತವ್ಯಂ ಮಾನುಷಂ ವಾಕ್ಯಮರ್ಥವತ್', ಅರ್ಥವುಳ್ಳ ಮನುಷ್ಯರ ಮಾತನ್ನೇ ಆಡಬೇಕು ಎಂದು ನಿಶ್ಚಯಿಸುತ್ತಾನೆ. ಆ ಸಾಲಿನ 'ವಕ್ತವ್ಯಂ' ನೋಡಿ, ಮೂರನೆಯ ಹೆಜ್ಜೆಯಲ್ಲಿ ಬಿಡಿಸಿದ 'ತವ್ಯ' ಇಲ್ಲಿ ಪ್ರಶ್ನೆಯಾಗಿಲ್ಲ, ಉತ್ತರವಾಗಿದೆ. 'ಕಿಂ' ಬಿದ್ದುಹೋಗಿ 'ಅವಶ್ಯಂ' ಬಂದಿದೆ.

ಹತ್ತನೆಯ ಹೆಜ್ಜೆ: ಎದುರುಪದ ಬರೆದುಕೊಳ್ಳಿ

ವಿರುದ್ಧಾರ್ಥ ಕೇಳಿದರೆ 'ಕೃತನಿಶ್ಚಯ' ಬರೆಯಿರಿ. ಇದರಲ್ಲೂ ಕೃ ಧಾತುವೇ ಇದೆ. ಕರ್ತವ್ಯ ಅಂದರೆ ಮಾಡಬೇಕಾದದ್ದು, ಕೃತ ಅಂದರೆ ಮಾಡಿ ಮುಗಿದದ್ದು. ಗೀತೆಯ ಕೊನೆಯಲ್ಲಿ ಅರ್ಜುನ ಹೇಳುವುದನ್ನೂ ಇದರ ಪಕ್ಕದಲ್ಲಿ ಬರೆದುಕೊಳ್ಳಬಹುದು: 'ನಷ್ಟೋ ಮೋಹಃ' ಎಂದು ಶುರುಮಾಡಿ 'ಕರಿಷ್ಯೇ ವಚನಂ ತವ' ಎಂದು ಮುಗಿಸುತ್ತಾನೆ. ಶ್ಲೋಕದ ಮೊದಲಲ್ಲಿ ಮುಹ್ ಕಳೆದುಹೋಗುತ್ತದೆ, ಕೊನೆಯಲ್ಲಿ ಕೃ ಕೈಗೆ ಬರುತ್ತದೆ.

ನಿಘಂಟನ್ನು ಈಗ ತೆರೆಯಬಹುದು. ಇಡೀ ಪದ ಸಿಗದಿದ್ದರೆ ತುಂಡುಗಳನ್ನು ಹುಡುಕಿ. ಬಿಡಿಸಿಕೊಂಡು ಹೋದವರಿಗೆ ನಿಘಂಟು ಹೆಚ್ಚು ಹೇಳುತ್ತದೆ.

ಆ ವಾರ ಜಲಾಶಯದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ಗಳನ್ನು, ಅಂದರೆ ನೀರು ತಡೆಯುವ ತಾತ್ಕಾಲಿಕ ಅಡ್ಡತುಂಡುಗಳನ್ನು, ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚಿದರು. ಅಷ್ಟರಲ್ಲಿ ನಮ್ಮ ಓಣಿಯ ರೈತ ಉಳಿದರ್ಧ ಹೊಲಕ್ಕೂ ಸಸಿ ಹಚ್ಚಿಸಿದ್ದರು. ಹುಡುಗಿ ಎರಡು ದಿನ ಶಾಲೆಗೆ ಬರಲಿಲ್ಲ, ಅವರ ಮನೆಯಲ್ಲೂ ನಾಟಿ. ಮೂರನೆಯ ದಿನ ಬಂದವಳು ಉಗುರ ಸಂದಿಯ ಕೆಸರಿನ ಕೈಯಲ್ಲೇ ನೋಟ್‌ಬುಕ್ ತೆರೆದು, 'ಕರ್ತವ್ಯ ಗೊತ್ತಿಲ್ಲದ ಮೂರ್ಖ' ಎಂಬ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಬರೆದಳು: 'ಏನ್ ಮಾಡಬೇಕೋ ತಿಳಿಯದೆ ಕುಂತವರು. ನಮ್ಮಪ್ಪ, ಭಾನುವಾರ.'